ಬ್ರಿಟನ್‌ನಲ್ಲಿ ಫಿಟ್ಸ್‌ಗೆ ಆಪರೇಷನ್: ಡಾಕ್ಟರ್ ಜೊತೆ ಏನು ಮಾತಾಡಬೇಕು?

ಎರಡು ಬಗೆಯ ಮಾತ್ರೆ ಸರಿಯಾಗಿ ನುಂಗಿದರೂ ಫಿಟ್ಸ್ ನಿಲ್ಲುತ್ತಿಲ್ಲವೇ? ಮೂರನೆಯದು, ನಾಲ್ಕನೆಯದು ಅಂತ ಸುಮ್ನೆ ವರ್ಷ ಕಳೆಯಬೇಡಿ. ಎಪಿಲೆಪ್ಸಿಯ (ಮೂರ್ಛೆರೋಗದ) ವಿಶೇಷ ಕೇಂದ್ರಕ್ಕೆ ಕಳಿಸಿ ಎಂದು ನ್ಯೂರಾಲಜಿಸ್ಟ್‌ಗೆ ನೀವೇ ಕೇಳಿ. ಮಿದುಳಿನಲ್ಲಿ ಫಿಟ್ಸ್ ಹುಟ್ಟುವ ಭಾಗವನ್ನು ಆಪರೇಷನ್ ಮಾಡಿ ತೆಗೆಯಬಹುದೇ ಅಂತ ಅಲ್ಲಿ ನೋಡುತ್ತಾರೆ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದವರಿಗೆ ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ) ಆಪರೇಷನ್‌ಗೆ ಬೇರೆ ದುಡ್ಡಿಲ್ಲ. ಕಾಯುವುದು ಮಾತ್ರ ಜಾಸ್ತಿ.

ಎಂಆರ್‌ಐ, ಆಸ್ಪತ್ರೆಯಲ್ಲೇ ಕೆಲವು ದಿನ ಇದ್ದು ಮಾಡಿಸುವ ವಿಡಿಯೊ ಇಇಜಿ (ಫಿಟ್ಸ್ ಬಂದಾಗ ನಿಮ್ಮ ವಿಡಿಯೊ ಜೊತೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ), ನೆನಪಿನ ಪರೀಕ್ಷೆ ಎಲ್ಲ ಆಗುತ್ತವೆ. ಆಮೇಲೂ 'ನಿಮಗೆ ಆಪರೇಷನ್ ಆಗಿಬರುವುದಿಲ್ಲ' ಎನ್ನಬಹುದು.

ಆಗಿಬರುತ್ತದೆ ಎಂದಾಗ ನಮ್ಮವರು ತಡವರಿಸುತ್ತಾರೆ. 'ನೀವೇ ಹೇಳಿ ಡಾಕ್ಟ್ರೇ' ಅನ್ನುವುದು ನಮ್ಮ ಅಭ್ಯಾಸ, ಅಲ್ವಾ? ಇಲ್ಲಿ ಅವರು ಸಲಹೆ ಕೊಟ್ಟಾರು, ತೀರ್ಮಾನ ನಿಮಗೇ ಬಿಡುತ್ತಾರೆ. ಇಲ್ಲಿನ ಸುಪ್ರೀಂ ಕೋರ್ಟಿನ 2015ರ ಮಾಂಟ್ಗೊಮರಿ ತೀರ್ಪಿನ ಪ್ರಕಾರ, ನಿಮ್ಮ ಪರಿಸ್ಥಿತಿಯಲ್ಲಿರುವವರಿಗೆ ಯಾವ ಅಪಾಯ ಮುಖ್ಯವೋ ಅದನ್ನು ಡಾಕ್ಟರ್ ಹೇಳಲೇಬೇಕು. ಆದರೆ ನಿಮ್ಮ ಬದುಕು ಹೇಗಿದೆ ಅಂತ ನೀವು ಬಾಯಿ ಬಿಡದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಆಪರೇಷನ್ ಆದ 615 ವಯಸ್ಕರ ಲೆಕ್ಕ 2011ರಲ್ಲಿ ಬಂತು. ಎಚ್ಚರ ತಪ್ಪದ ಸಣ್ಣ ಫಿಟ್ಸ್ ಬಿಟ್ಟರೆ, ಐದು ವರ್ಷದವರೆಗೆ ಫಿಟ್ಸ್ ಇಲ್ಲದೆ ಇದ್ದವರು ನೂರಕ್ಕೆ 52, ಹತ್ತು ವರ್ಷದವರೆಗೆ 47. ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಇದು ಎಲ್ಲರನ್ನೂ ಸೇರಿಸಿದ ಲೆಕ್ಕ. ನಿಮ್ಮ ಸ್ಕ್ಯಾನ್ ನೋಡಿ 'ನನ್ನಂಥವರಿಗೆ ಎಷ್ಟು?' ಎಂದು ಕೇಳಿ.

ಎಡಗಡೆ ಟೆಂಪೊರಲ್ ಭಾಗ (ಕಿವಿಯ ಹತ್ತಿರದ ಮಿದುಳು) ತೆಗೆದರೆ ಹೆಸರು, ಮಾತು ನೆನಪಿಗೆ ಬರುವುದು ಕಷ್ಟವಾಗಬಹುದು. ಪಾಠ ಹೇಳುವವರಿಗೆ ಇದು ದೊಡ್ಡ ಪೆಟ್ಟು. ಮನೆಯಲ್ಲಿ ಕನ್ನಡವೇ ಜಾಸ್ತಿ ಆಡುವವರಾದರೆ ನೆನಪಿನ ಪರೀಕ್ಷೆಗೆ ಮೊದಲೇ ತಿಳಿಸಿ. ಇಂಗ್ಲಿಷ್ ಪದಗಳಲ್ಲಿ ಅಳೆದರೆ ಲೆಕ್ಕ ತಪ್ಪೀತು. ಇಂಟರ್‌ಪ್ರಿಟರ್ ಬೇಕೆಂದು ಕೇಳಲು ಸಂಕೋಚ ಬೇಡ, ಅದು ಉಚಿತ.

ಇನ್ನು ಡ್ರೈವಿಂಗ್. ಮಾಮೂಲಾಗಿ ಒಂದು ವರ್ಷ ಫಿಟ್ಸ್ ಬರದಿದ್ದರೆ ಡಿವಿಎಲ್‌ಎ (ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕಾರಿನ ಲೈಸೆನ್ಸ್ ಕೊಡುತ್ತದೆ. ಆದರೆ ಟೆಂಪೊರಲ್ ಭಾಗದ ಆಪರೇಷನ್‌ನಿಂದ ನೋಟದ ಮೇಲಿನ ಒಂದು ಮೂಲೆ ಹೋಗಬಹುದು. ಫಿಟ್ಸ್ ನಿಂತರೂ ಕಣ್ಣಿನ ಪರೀಕ್ಷೆಯಲ್ಲಿ ಲೈಸೆನ್ಸ್ ತಪ್ಪಿದವರಿದ್ದಾರೆ. ಲೈಸೆನ್ಸ್‌ಗಾಗಿಯೇ ಒಪ್ಪುವವರು ಇದನ್ನು ಮೊದಲೇ ಕೇಳಬೇಕು.

ಊರಿಂದ ಫೋನ್ ಬರುತ್ತದೆ: 'ತಲೆಗೆ ಕತ್ತರಿ ಯಾಕೆ, ಇರೋ ಹಾಗೆ ಇರಲಿ ಬಿಡು.' ಹಾಗೆಯೇ ಬಿಡುವುದರಲ್ಲೂ ಅಪಾಯವಿದೆ. ಬಿದ್ದು ಗಾಯ, ಸುಟ್ಟುಕೊಳ್ಳುವುದು, ಅಪರೂಪಕ್ಕೆ ನಿದ್ದೆಯಲ್ಲೇ ಹಠಾತ್ ಸಾವು. ಅದನ್ನೂ ಡಾಕ್ಟರ್ ಹತ್ತಿರ ಬಿಡಿಸಿ ಕೇಳಿ.

ಬೇಡ ಅನ್ನಿಸಿದರೆ ಬೇಡ ಎನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಚಿಕಿತ್ಸೆಯೂ ನಿಲ್ಲುವುದಿಲ್ಲ. ಮಾಡಿಸಿಕೊಂಡರೂ ಮಾತ್ರೆ ತಕ್ಷಣ ಬಿಡುವ ಹಾಗಿಲ್ಲ. ಇಂಗ್ಲೆಂಡಿನಲ್ಲಿದ್ದರೆ ಜಿಪಿ (ನಿಮ್ಮ ಮಾಮೂಲಿ ಡಾಕ್ಟರ್) ಹತ್ತಿರ ಮಾತ್ರೆಯ ದುಡ್ಡಿನ ವಿನಾಯಿತಿಗೆ ಎಫ್‌ಪಿ92ಎ ಫಾರಂ ತುಂಬಿಸಿಕೊಳ್ಳಿ, ಮಾತ್ರೆ ಉಚಿತ.