ಜಿ41 ಬೋರ್ಡ್‌ನಲ್ಲಿ 8 ಜಿಬಿ ರ‍್ಯಾಮ್: ಆಗಲ್ಲ ಅಂದವರ ನಡುವೆ ನನ್ನ ಅನುಭವ

ನನ್ನ ಮನೆಯ ಕಂಪ್ಯೂಟರ್‌ನಲ್ಲಿ ಇಂಟೆಲ್‌ನ ಕೋರ್ 2 ಡ್ಯುಯೋ ಇ7500 ಪ್ರೊಸೆಸರ್ ಇದೆ, ಜಿ41 ಚಿಪ್‌ಸೆಟ್‌ನ ಹಳೆಯ ಮದರ್‌ಬೋರ್ಡ್ ಇದೆ, ಈಗ 8 ಜಿಬಿ ಡಿಡಿಆರ್3 ರ‍್ಯಾಮ್ ಕೂಡ ಇದೆ. ಈ ಕೊನೆಯದನ್ನು ತಿಪಟೂರಿನಲ್ಲಿ ಯಾರೂ ನಂಬಿರಲಿಲ್ಲ. ಸರ್ವೀಸ್ ಅಂಗಡಿಯ ಹುಡುಗ, "ಅಣ್ಣಾ, ಈ ಬೋರ್ಡು 4 ಜಿಬಿ ಮೇಲೆ ಹಿಡಿಯಲ್ಲ, ಸುಮ್ನೆ ದುಡ್ಡು ಹಾಕಬೇಡಿ" ಅಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಭಾವಮೈದ, "ಭಾವ, ಅದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಅಂದ. ಹೊಸದಕ್ಕೆ ಅವನೇ ತರಿಸಿಕೊಟ್ಟ ಕೊಟೇಶನ್ 38 ಸಾವಿರದ ಹತ್ತಿರ ಇತ್ತು. ನನಗೆ ಕೊನೆಗೆ ಆದ ಖರ್ಚು, ಮಧ್ಯೆ ಕಳೆದುಕೊಂಡದ್ದೂ ಸೇರಿ, ಮೂರು ಸಾವಿರದ ಒಳಗೆ.

ನಾನು ಮನೆಯಲ್ಲೇ ಲಗ್ನಪತ್ರಿಕೆ, ಕರಪತ್ರ, ಬ್ಯಾನರ್ ಡಿಸೈನ್ ಮಾಡುತ್ತೇನೆ. ನುಡಿ, ಪೇಜ್‌ಮೇಕರ್ 7, ಕೋರೆಲ್‌ಡ್ರಾ, ಫೋಟೋಶಾಪ್, ಇಷ್ಟೇ ನನ್ನ ಪ್ರಪಂಚ. ಪತ್ರಿಕೆ ಕೆಲಸಕ್ಕೆ 2 ಜಿಬಿಯೇ ಸಾಕು. ತೊಂದರೆ ಕೊಡುವುದು ಬ್ಯಾನರ್. 10 ಅಡಿಗೆ 6 ಅಡಿ ಬ್ಯಾನರನ್ನು 100 ಡಿಪಿಐನಲ್ಲಿ ತೆರೆದರೆ 12,000ಕ್ಕೆ 7,200 ಪಿಕ್ಸೆಲ್. ಮುದ್ರಣದ ಸಿಎಂವೈಕೆ ಬಣ್ಣದಲ್ಲಿ ಒಂದು ಲೇಯರ್‌ಗೇ ಸುಮಾರು 345 ಎಂಬಿ. ದೇವರ ಫೋಟೋ, ಹಿನ್ನೆಲೆ, ಮುಖಂಡರ ಫೋಟೋಗಳು ಅಂತ ಐದಾರು ಲೇಯರ್ ಆದರೆ 2 ಜಿಬಿ ದಾಟುತ್ತದೆ. ನನ್ನಲ್ಲಿ ಇದ್ದದ್ದು 2 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಮೇಲೆ 32 ಬಿಟ್ ವಿಂಡೋಸ್ 7. ಕೈಗೆ ಸಿಗುತ್ತಿದ್ದದ್ದು 3.2 ಜಿಬಿ ಚಿಲ್ಲರೆ. ಗಣೇಶನ ಹಬ್ಬದ ಸೀಸನ್‌ನಲ್ಲಿ ಒಂದು ಫೈಲ್ ಸೇವ್ ಆಗಲು ಆರೇಳು ನಿಮಿಷ ಹಿಡಿಯುತ್ತಿತ್ತು. ಎಸ್‌ಎಸ್‌ಡಿ ಆಗಲೇ ಹಾಕಿದ್ದೆ. ಅದರಿಂದ ಬೂಟ್ ಬೇಗ ಆಯಿತು, ಬ್ಯಾನರ್ ಬೇಗ ಆಗಲಿಲ್ಲ.

ಬೋರ್ಡ್‌ನ ಕೈಪಿಡಿಯಲ್ಲಿ ಗರಿಷ್ಠ 8 ಜಿಬಿ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಹಾಗಾದರೆ ಎಲ್ಲರೂ ಆಗಲ್ಲ ಅನ್ನುವುದು ಯಾಕೆ? ಅವರೂ ಸುಳ್ಳು ಹೇಳುತ್ತಿರಲಿಲ್ಲ. ಅವರ ಕೈಯಲ್ಲಿದ್ದ ಸ್ಟಿಕ್‌ಗಳು ನಿಜವಾಗಿಯೂ ಕೆಲಸ ಮಾಡುತ್ತಿರಲಿಲ್ಲ. ಇದು ನನಗೆ ಗೊತ್ತಾಗಲು ಎರಡು ಸಲ ದುಡ್ಡು ಹೋಯಿತು.

ಮೊದಲು ಆನ್‌ಲೈನ್‌ನಲ್ಲಿ 4 ಜಿಬಿಯ ಜೋಡಿ ತರಿಸಿದೆ. ಎರಡಕ್ಕೂ ಸೇರಿ ಸುಮಾರು 1,100 ರೂಪಾಯಿ, ಆ ಕಾಲಕ್ಕೆ ಬಹಳ ಕಡಿಮೆ. 1333 ಮೆಗಾಹರ್ಟ್ಸ್, ಡೆಸ್ಕ್‌ಟಾಪ್ ಸ್ಟಿಕ್, ಎಲ್ಲ ಸರಿಯಾಗೇ ಬರೆದಿತ್ತು. ಹಾಕಿದರೆ ಡಿಸ್‌ಪ್ಲೇ ಇಲ್ಲ. ಒಂದೊಂದೇ ಹಾಕಿದರೂ ಇಲ್ಲ. ಡಬ್ಬಿಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ "ಎಎಂಡಿಗೆ ಮಾತ್ರ" ಅಂತ ಇತ್ತು. ನನ್ನದು ಇಂಟೆಲ್, ಎಎಂಡಿ ಬೇರೆ ಪ್ರೊಸೆಸರ್ ಕಂಪನಿ. ಮಾರುವಾಗ ತೋರಿಸಿದ್ದ ವಿವರದಲ್ಲಿ ಆ ಮಾತೇ ಇರಲಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ ಎಎಂಡಿಯ ಎಎಂ3 ಬೋರ್ಡ್ ಇದ್ದ ಅರಸೀಕೆರೆಯ ಒಬ್ಬರಿಗೆ 800ಕ್ಕೆ ಕೊಟ್ಟೆ. ಅವರ ಕಂಪ್ಯೂಟರ್‌ನಲ್ಲಿ ಒಂದೇ ಏಟಿಗೆ ಎದ್ದು ನಿಂತಿತು!

ಎರಡನೇ ಸಲ ಅಂಗಡಿಯಿಂದಲೇ ಹೊಸದು ತಂದೆ, ಒಂದಕ್ಕೆ 1,250ರ ಹತ್ತಿರ. ಒಳ್ಳೆಯ ಮಾಲು, ಬಿಲ್ ಇತ್ತು, ಗ್ಯಾರಂಟಿ ಇತ್ತು. ಒಂದು ಸ್ಟಿಕ್ ಹಾಕಿದರೆ ಬರೀ ಬೀಪ್. ಇನ್ನೊಂದು ಬೂಟ್ ಆಯಿತು, ಆದರೆ 4 ಜಿಬಿ ಸ್ಟಿಕ್ 2 ಜಿಬಿ ಅಂತ ತೋರಿಸಿತು. ಬೋರ್ಡನ್ನು ಶುರುಮಾಡುವ ಬಯಾಸ್ ತಂತ್ರಾಂಶ ಅಪ್‌ಡೇಟ್ ಮಾಡಿದೆ (ಯುಪಿಎಸ್ ಇಲ್ಲದೆ ಇದನ್ನು ಮಾಡಬೇಡಿ, ನಮ್ಮೂರ ಕರೆಂಟ್ ನಿಮಗೆ ಗೊತ್ತಲ್ವಾ). ಏನೂ ಬದಲಾಗಲಿಲ್ಲ. ಅಂಗಡಿಯವರು 400 ಹಿಡಿದುಕೊಂಡು ಉಳಿದದ್ದು ಕೊಟ್ಟರು.

ಆದರೆ ಆ "2 ಜಿಬಿ" ಅನ್ನುವ ಅರ್ಧ ಲೆಕ್ಕ ನನ್ನ ತಲೆಯಿಂದ ಹೋಗಲಿಲ್ಲ. ಸ್ಟಿಕ್ ಕೆಟ್ಟಿದ್ದರೆ ಪೂರ್ತಿ ಸಾಯಬೇಕು, ಸರಿಯಾಗಿ ಅರ್ಧ ಯಾಕೆ ಕಾಣಬೇಕು? ಇಂಟೆಲ್‌ನ ಡೇಟಾಶೀಟ್ ತೆಗೆದು ಓದಿದೆ. ಉತ್ತರ ಅಲ್ಲೇ ಇತ್ತು. ಜಿ41 ಒಂದು ಚಿಪ್ ಅನ್ನು 2 ಗಿಗಾಬಿಟ್‌ವರೆಗೆ ಮಾತ್ರ ಗುರುತಿಸುತ್ತದೆ (8 ಗಿಗಾಬಿಟ್ ಸೇರಿದರೆ 1 ಜಿಬಿ). ನಾನು ತಂದ ಹೊಸ ಸ್ಟಿಕ್‌ನಲ್ಲಿ ಎಂಟೇ ಚಿಪ್, ಒಂದೊಂದೂ 4 ಗಿಗಾಬಿಟ್. ಬೋರ್ಡ್ ಪ್ರತಿ ಚಿಪ್‌ನ ಅರ್ಧವನ್ನಷ್ಟೇ ನೋಡುತ್ತಿತ್ತು. ಅಂದರೆ ನಮಗೆ ಬೇಕಾದದ್ದು 2 ಗಿಗಾಬಿಟ್‌ನ 16 ಚಿಪ್ ಇರುವ 4 ಜಿಬಿ ಸ್ಟಿಕ್, ಆ ಕಡೆ ಎಂಟು, ಈ ಕಡೆ ಎಂಟು.

ಇಷ್ಟಕ್ಕೇ ಅಂಗಡಿಗೆ ಓಡಬೇಡಿ. ಆ ಎಎಂಡಿ ಸ್ಟಿಕ್‌ನಲ್ಲೂ 16 ಚಿಪ್ಪೇ ಇದ್ದವು! ವ್ಯತ್ಯಾಸ ಚಿಪ್‌ನ ಅಗಲದಲ್ಲಿ. ಅದರಲ್ಲಿ ಒಂದು ಚಿಪ್ 4 ಬಿಟ್ ಅಗಲ, 16 ಸೇರಿ ಒಂದೇ ರ‍್ಯಾಂಕ್ (ಬೋರ್ಡ್ ಒಟ್ಟಿಗೆ ಓದುವ ಚಿಪ್‌ಗಳ ಗುಂಪು). ನಮಗೆ ಬೇಕಾದದ್ದು 8 ಬಿಟ್ ಅಗಲ, ಎಂಟೆಂಟರ ಎರಡು ರ‍್ಯಾಂಕ್. ಲೇಬಲ್ ಮೇಲೆ "2ಆರ್‌ಎಕ್ಸ್8 ಪಿಸಿ3-10600ಯು" ಅಂತ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. "1ಆರ್‌ಎಕ್ಸ್8" ಇದ್ದ 4 ಜಿಬಿ ಸ್ಟಿಕ್ ಮುಟ್ಟಬೇಡಿ. ಕೊನೆಯಲ್ಲಿ "ಯು" ಬದಲು "ಆರ್" ಇದ್ದರೆ ಅದು ಸರ್ವರ್ ಸ್ಟಿಕ್, ಎಷ್ಟು ಅಗ್ಗ ಕೊಟ್ಟರೂ ಬೇಡ. ಲೇಬಲ್ ಕಿತ್ತುಹೋಗಿದ್ದರೆ ಚಿಪ್ ಮೇಲಿನ ನಂಬರ್ ಓದಿ. ಸ್ಯಾಮ್‌ಸಂಗ್‌ನಲ್ಲಿ ಕೆ4ಬಿ2ಜಿ08 ಅಂತ ಶುರುವಾದರೆ 2 ಗಿಗಾಬಿಟ್, 8 ಬಿಟ್. ಕೆ4ಬಿ2ಜಿ04 ಆದರೆ ಎಎಂಡಿ ಥರದ್ದು. ಹೈನಿಕ್ಸ್‌ನಲ್ಲಿ ಎಚ್5ಟಿಕ್ಯೂ2ಜಿ8 ಬೇಕು, ಎಚ್5ಟಿಕ್ಯೂ4ಜಿ8 ಬೇಡ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ನಂಬರ್ ಚೆನ್ನಾಗಿ ಕಾಣುತ್ತದೆ.

ಇಂಥ ಸ್ಟಿಕ್ ಹೊಸದರಲ್ಲಿ ಸಿಗುವುದು ಕಷ್ಟ. ಈಚಿನವು ಹೆಚ್ಚೂಕಡಿಮೆ ಎಲ್ಲ ಎಂಟು ಚಿಪ್‌ನವೇ. ಹಳೆಯ ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ ಮಾಲಿನಲ್ಲಿ ಹುಡುಕಬೇಕು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಎಸ್‌ಪಿ ರೋಡ್ ಪೂರ್ತಿ ಸುತ್ತಿದೆ. ಹೆಚ್ಚಿನ ಕಡೆ "4 ಜಿಬಿ ಬೇಕಾ, ತಗೊಳ್ಳಿ" ಅಂತ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಚಿಪ್ ಎಣಿಸುತ್ತೇನೆ ಅಂದರೆ ಮುಖ ನೋಡುತ್ತಾರೆ. ಒಂದು ಅಂಗಡಿಯಲ್ಲಿ ಮಾತ್ರ ಒಂದು ಟ್ರೇ ತುಂಬ ಸ್ಟಿಕ್ ಮುಂದಿಟ್ಟು, "ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಸಾರ್" ಅಂದರು. ಆ ಅಂಗಡಿ ಎಲ್ಲಿ ಅಂತ ಮಾತ್ರ ಕೇಳಬೇಡಿ. ಅವರ ಹತ್ತಿರ ಇರುವುದೇ ಸ್ವಲ್ಪ ಮಾಲು, ನನಗೆ ಇನ್ನೂ ನಾಲ್ಕೈದು ಕಂಪ್ಯೂಟರ್ ಮಾಡಿಕೊಡುವುದಿದೆ. ಒಂದಕ್ಕೆ 650ರಂತೆ ಎರಡು ತಂದೆ. ಬೇರೆ ಬೇರೆ ಕಂಪನಿಯವು, ಆದರೆ ಎರಡೂ 2ಆರ್‌ಎಕ್ಸ್8. ಕಂಪನಿ ಒಂದೇ ಇರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ, ನನ್ನಲ್ಲಿ ಜಗಳವಾಡದೆ ಓಡುತ್ತಿವೆ.

ಹಾಕುವ ಕೆಲಸ ನಿಮಗೆ ಗೊತ್ತಿರುವುದೇ. ಒಂದು ಮಾತು ಮಾತ್ರ: ಪ್ರತಿ ಸಲ ಸ್ಟಿಕ್ ಬದಲಿಸಿದಾಗ ಬೋರ್ಡ್‌ನ ಸೆಲ್ ತೆಗೆದು ಬಯಾಸ್ ಕ್ಲಿಯರ್ ಮಾಡಿ. ಹಳೆಯ ಸ್ಟಿಕ್‌ನ ಟೈಮಿಂಗ್ (ರ‍್ಯಾಮ್ ಓಡುವ ವೇಗದ ಲೆಕ್ಕ) ಇಟ್ಟುಕೊಂಡು ಹಟ ಹಿಡಿಯುವ ಬೋರ್ಡ್‌ಗಳಿವೆ. ಪೆನ್ಸಿಲ್ ರಬ್ಬರ್‌ನಿಂದ ಸ್ಟಿಕ್‌ನ ಕಾಲುಗಳನ್ನು ಉಜ್ಜಿ, ಪುಡಿ ಪೂರ್ತಿ ಒರೆಸಿ. ಮೊದಲ ಸಲವೇ 8 ಜಿಬಿ ತೋರಿಸಿತು. ಇ7500ರ ಬಸ್ (ಪ್ರೊಸೆಸರ್‌ಗೆ ಡೇಟಾ ಸಾಗುವ ದಾರಿ) 1066 ಆದ್ದರಿಂದ ಸ್ಟಿಕ್‌ಗಳು 1333 ಬದಲು 1066ರಲ್ಲಿ ಓಡುತ್ತವೆ, ಅದಕ್ಕೆ ಚಿಂತೆ ಬೇಡ.

ಖುಷಿ ಆ ರಾತ್ರಿವರೆಗೆ ಮಾತ್ರ ಉಳಿಯಿತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಮಲಗಿದೆ, ಬೆಳಿಗ್ಗೆ ನೋಡಿದರೆ ಕೆಂಪು ಸಾಲುಗಳು. ಒಂದೊಂದೇ ಸ್ಟಿಕ್ ಹಾಕಿ ಓಡಿಸಿದರೆ ಒಂದೂ ತಪ್ಪಿಲ್ಲ. ಎರಡೂ ಸೇರಿದಾಗ, ಅದೂ ಒಂದೆರಡು ಗಂಟೆ ಕಳೆದ ಮೇಲೆ, ತಪ್ಪು ಬರುತ್ತಿತ್ತು. ಏಪ್ರಿಲ್ ಬಿಸಿಲು, ತಾರಸಿ ಕೆಳಗಿನ ಕೋಣೆ. ನಾರ್ತ್‌ಬ್ರಿಡ್ಜ್‌ನ (ಅಂದರೆ ಜಿ41 ಚಿಪ್‌ನ) ಹೀಟ್ ಸಿಂಕ್ ಮೇಲೆ ಬೆರಳಿಟ್ಟರೆ ಸುಡುತ್ತಿತ್ತು. ಈ ತಲೆಮಾರಿನ ಬೋರ್ಡ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್‌ನಲ್ಲಲ್ಲ, ನಾರ್ತ್‌ಬ್ರಿಡ್ಜ್‌ನಲ್ಲಿ. ನಾಲ್ಕು ರ‍್ಯಾಂಕ್ ಹೊತ್ತು ಅದು ಬೇಯುತ್ತಿತ್ತು. ಹೀಟ್ ಸಿಂಕ್ ಬಿಚ್ಚಿದರೆ ಹಳೆಯ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತೆ ಉದುರಿತು. ಹೊಸ ಪೇಸ್ಟ್, ಮೇಲೊಂದು 40 ಮಿಲಿಮೀಟರ್ ಫ್ಯಾನ್, ಎರಡೂ ಸೇರಿ 250 ರೂಪಾಯಿ. ಬಯಾಸ್‌ನಲ್ಲಿ ಟೈಮಿಂಗ್‌ನ ಎರಡು ಅಂಕಿ ಸಹ ಸ್ವಲ್ಪ ಸಡಿಲ ಮಾಡಿದೆ. ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ, ಬಹಳ ರಾತ್ರಿ ಕೂತು ಹುಡುಕಿದ್ದು. ಅದಾದ ಮೇಲೆ ಒಂದಿಡೀ ರಾತ್ರಿ ಮೆಮ್‌ಟೆಸ್ಟ್ ಓಡಿದರೂ ತಪ್ಪು ಸೊನ್ನೆ.

ವಿಂಡೋಸ್ ಬದಲಿಸುವ ಮುಂಚೆ ಒಂದು ಪ್ರಯೋಗ ಮಾಡಿದೆ. 32 ಬಿಟ್ ವಿಂಡೋಸ್ ಆ 3.2 ಜಿಬಿಗಿಂತ ಮೇಲಿನ ರ‍್ಯಾಮ್ ಅನ್ನು ಮುಟ್ಟುವುದಿಲ್ಲ, ಆದರೆ ಕೆಲವು ರ‍್ಯಾಮ್‌ಡಿಸ್ಕ್ ತಂತ್ರಾಂಶಗಳು ಅದನ್ನು ಡ್ರೈವ್ ಮಾಡಿಕೊಡುತ್ತವೆ. ಬಯಾಸ್‌ನಲ್ಲಿ ಮೆಮೊರಿ ರಿಮ್ಯಾಪ್ ಆನ್ ಇರಬೇಕು. ಸುಮಾರು 4.7 ಜಿಬಿಯ ಡ್ರೈವ್ ಸಿಕ್ಕಿತು, ಫೋಟೋಶಾಪ್‌ನ ಸ್ಕ್ರಾಚ್ (ರ‍್ಯಾಮ್ ಸಾಲದಾಗ ಬಳಸುವ ತಾತ್ಕಾಲಿಕ ಜಾಗ) ಅಲ್ಲಿಗೆ ಕೊಟ್ಟೆ. ಸೇವ್ ಸಮಯ ಅರ್ಧಕ್ಕಿಂತ ಕಡಿಮೆಯಾಯಿತು! ಹೈಬರ್ನೇಟ್ ಮಾಡಿ ಎಬ್ಬಿಸಿದರೆ ಮಾತ್ರ ಡ್ರೈವ್ ಎಕ್ಕುಟ್ಟಿಹೋಗುತ್ತದೆ. ವಿಂಡೋಸ್ ಬದಲಿಸಲು ಇಷ್ಟವಿಲ್ಲದವರಿಗೆ ಒಳ್ಳೆಯ ದಾರಿ.

ಇನ್ನೊಂದು, ಎರಡು ಸ್ಟಿಕ್ ಜೊತೆಯಾಗಿ ಓಡುವ ಡ್ಯುಯಲ್ ಚಾನಲ್ ಬಗ್ಗೆ ಜನ ಬಹಳ ಹೇಳುತ್ತಾರೆ ಅಂತ ಅಳೆದು ನೋಡಿದೆ. ಪ್ರೊಸೆಸರ್ ಕೆಲಸಕ್ಕೆ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಇರಬಾರದು ಕೂಡ. 1066ರ ಬಸ್ ಸೆಕೆಂಡಿಗೆ 8.5 ಜಿಬಿ ಸಾಗಿಸುತ್ತದೆ, 1066ರ ಒಂದೇ ಸ್ಟಿಕ್ ಕೂಡ ಅಷ್ಟನ್ನೇ ಕೊಡುತ್ತದೆ. ಎರಡನೆಯದು ಕೊಟ್ಟರೂ ಬಸ್‌ನಲ್ಲಿ ಜಾಗ ಇಲ್ಲ. ಬೋರ್ಡ್‌ನಲ್ಲೇ ಇರುವ ಗ್ರಾಫಿಕ್ಸ್‌ಗೆ ಮಾತ್ರ ಲಾಭವಿದೆ, ಅದು ನಾರ್ತ್‌ಬ್ರಿಡ್ಜ್ ಒಳಗೇ ಕೂತು ರ‍್ಯಾಮ್ ಅನ್ನು ನೇರ ಮುಟ್ಟುತ್ತದೆ. ಮಗ ಆಡುವ ಆಟ 20 ಫ್ರೇಮ್ ಹತ್ತಿರ ಇದ್ದದ್ದು 27-28ಕ್ಕೆ ಏರಿತು.

ಕೊನೆಗೆ 64 ಬಿಟ್ ವಿಂಡೋಸ್ 7ಗೆ ಬಂದೆ. ಹೋಮ್ ಬೇಸಿಕ್ 64 ಬಿಟ್‌ನ ಮಿತಿಯೂ 8 ಜಿಬಿಯೇ, ನಮಗೆ ಸಾಕು. ಇಲ್ಲಿ ಪೇಜ್‌ಮೇಕರ್ 7 ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಾಯಿತು. ಆಗ ನುಡಿಯಲ್ಲಿ ಒತ್ತಿದ ಕನ್ನಡ ಅಕ್ಷರ ಪೇಜ್‌ಮೇಕರ್‌ನಲ್ಲಿ ಮೂಡಲೇ ಇಲ್ಲ, ಬರೀ ಇಂಗ್ಲಿಷ್. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ, ಸರಿಹೋಗುತ್ತದೆ. ಮೇಲಿನ ಹಕ್ಕಿನಲ್ಲಿ ಓಡುವ ಪ್ರೋಗ್ರಾಮ್‌ಗೆ ಕೆಳಗಿನದು ಕೀಲಿ ಕಳಿಸಲು ವಿಂಡೋಸ್ ಬಿಡುವುದಿಲ್ಲ, ಅಷ್ಟೇ ವಿಷಯ. ನನ್ನ ಹಳೆಯ ಸ್ಕ್ಯಾನರ್‌ಗೆ 64 ಬಿಟ್ ಡ್ರೈವರ್ ಎಲ್ಲೂ ಇಲ್ಲ. ಅದಕ್ಕಾಗಿ ಹಳೆಯ 32 ಬಿಟ್ ಅನ್ನು ಹಾರ್ಡ್‌ಡಿಸ್ಕ್‌ನಲ್ಲಿ ಹಾಗೇ ಉಳಿಸಿದ್ದೇನೆ. ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಅಪ್‌ಡೇಟ್ ನಿಂತಿದೆ, ಹಾಗಾಗಿ ಅದನ್ನು ಇಂಟರ್ನೆಟ್‌ಗೆ ಬಿಡುವುದಿಲ್ಲ. ಮೇಲ್, ವಾಟ್ಸಾಪ್, ಬ್ಯಾಂಕ್ ಕೆಲಸಕ್ಕೆ ಪಕ್ಕದ ಪಾರ್ಟಿಶನ್‌ನಲ್ಲಿ ಲಿನಕ್ಸ್ ಮಿಂಟ್. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೂ ಸ್ವಾಪ್ (ರ‍್ಯಾಮ್ ತುಂಬಿದರೆ ಬಳಸುವ ಡಿಸ್ಕ್ ಜಾಗ) ಮುಟ್ಟುವುದಿಲ್ಲ.

ಆ 10ಕ್ಕೆ 6 ಬ್ಯಾನರ್ ಈಗ 64 ಬಿಟ್ ಫೋಟೋಶಾಪ್‌ನಲ್ಲಿ ಮುಕ್ಕಾಲು ನಿಮಿಷದಲ್ಲಿ ಸೇವ್ ಆಗುತ್ತದೆ. ಕಳೆದ ಹಬ್ಬದ ಸೀಸನ್‌ನಲ್ಲಿ ದಿನಕ್ಕೆ ಎರಡು ಬ್ಯಾನರ್ ಜಾಸ್ತಿ ಮುಗಿಸಿದೆ. ಹಾಕಿದ ದುಡ್ಡು ಆ ಒಂದು ವಾರದಲ್ಲೇ ವಾಪಸ್ ಬಂತು. ಈ ಕೆಲಸಕ್ಕೆ ಇದು ಹಳೆಯ ಕಂಪ್ಯೂಟರ್ ಅಂತ ನನಗೆ ಅನ್ನಿಸುವುದೇ ಇಲ್ಲ.

ಇದೆಲ್ಲ ಡಿಡಿಆರ್3 ಸ್ಲಾಟ್ ಇರುವ ಜಿ41ರ ಮಾತು. ಅದಕ್ಕೂ ಹಿಂದಿನ ಜಿ31 ಬೋರ್ಡ್ ಇಟ್ಟುಕೊಂಡವರು ಕೈಹಾಕಬೇಡಿ. ಅದು ಡಿಡಿಆರ್2, ಮಿತಿ 4 ಜಿಬಿಯೇ. ನಂತರ ಬಂದ ಎಚ್61 ಬೋರ್ಡ್ ಇದ್ದವರಿಗೆ ಈ ಚಿಪ್ ಎಣಿಸುವ ತಾಪತ್ರಯ ಇಲ್ಲ, ಎಂಟು ಚಿಪ್‌ನ ಹೊಸ ಸ್ಟಿಕ್ಕೇ ನಡೆಯುತ್ತದೆ, 16 ಜಿಬಿವರೆಗೆ ಹಾಕಬಹುದು. ಜಿ41ರವರು ಮಾತ್ರ, ಫೋನ್‌ನಲ್ಲಿ ಆರ್ಡರ್ ಕೊಡುವುದಾದರೆ ಸ್ಟಿಕ್‌ನ ಎರಡೂ ಬದಿಯ ಫೋಟೋ ತರಿಸಿಕೊಂಡು ನೋಡಿದ ಮೇಲೇ ದುಡ್ಡು ಕಳಿಸಿ.