ಬಟವಾಡೆಯ ಸಂಜೆಗೊಂದು ಮೀಟಿಂಗ್

"ಮೀಟಿಂಗ್ ಎಂದರೆ ಸೀರೆಯೇ, ನಾಲ್ಕು ಬಿಚ್ಚಿಸಿ ನೋಡಿ ಒಂದನ್ನು ಆರಿಸುವುದಕ್ಕೆ?" ಎಂದು ಹೆಂಡತಿಯ ಅಣ್ಣ ನಕ್ಕಿದ್ದರು. ಕುಡಿತ ಬಿಡುವವರ ಕೂಟವಾದ ಎ.ಎ.ಯ (ಆಲ್ಕೊಹಾಲಿಕ್ಸ್ ಅನಾನಿಮಸ್) ಹಳಬರೂ ಅದನ್ನೇ ಹೇಳಿದರು: ಮನೆಗೆ ಹತ್ತಿರವಿರುವುದಕ್ಕೆ ಹೋಗು, ಸುಮ್ಮನೆ ಕೂರು. ನಾನು ಬೆಳಗಾವಿಯ ವಡಗಾವಿಯಲ್ಲಿ ವಿದ್ಯುತ್ ಮಗ್ಗ ನಡೆಸುವವನು. ಬಿಚ್ಚಿಸದೆ ಸೀರೆ ಕೊಂಡವರನ್ನು ಇದುವರೆಗೆ ಕಂಡಿಲ್ಲ. ನೋಡಿಯೇ ಆರಿಸಿದೆ. ಕುಡಿಯದೆ ಈಗ 27 ತಿಂಗಳು.

ಅದಕ್ಕೂ ಮೊದಲು ಹೋದದ್ದರ ಲೆಕ್ಕ. ಆರು ಮಗ್ಗಗಳಲ್ಲಿ ಎರಡು ಗುಜರಿ ದರಕ್ಕೆ ಹೋದವು. ದಿನಕ್ಕೆ ಮುನ್ನೂರರ ಹತ್ತಿರ, ಬಟವಾಡೆಯ ಶನಿವಾರ ಸಾವಿರದ ಮೇಲೆ. ಗೋವಾದಲ್ಲಿ ಅಗ್ಗವೆಂದು ಚೋರ್ಲಾ ಘಾಟ್ ಇಳಿಯುತ್ತಿದ್ದೆ. ಪೆಟ್ರೋಲ್ ಸೇರಿಸಿದರೆ ಇಲ್ಲಿಗಿಂತ ತುಟ್ಟಿ. ಬಿಡಿಸುವ ಖರ್ಚೂ ಸಣ್ಣದಲ್ಲ. ಸಾರಿನಲ್ಲಿ ಬೆರೆಸುವ ಪುಡಿಗೆ ಹೆಂಡತಿ 1,800 ಸುರಿದಳು. ಸಾರು ಕೆಟ್ಟಿತು, ನಾನು ಹಾಗೆಯೇ ಇದ್ದೆ. ಒಂದು ಖಾಸಗಿ ಕೇಂದ್ರಕ್ಕೆ ಸುಮಾರು 35 ಸಾವಿರ. ಹೊರಬಂದ ಹನ್ನೊಂದನೆಯ ದಿನ ಕುಡಿದೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಮುಟ್ಟಿ ಮಾಡಿದ ಆಣೆ ನಾಲ್ಕು ತಿಂಗಳು ತಡೆಯಿತು.

ಒಮ್ಮೆ ಹಟದಿಂದ ಮನೆಯಲ್ಲೇ ಒಂದೇಟಿಗೆ ಬಿಟ್ಟೆ. ಮೂರನೆಯ ದಿನ ಮಗ್ಗದ ಬೀಮಿನ ಮೇಲೆ ಇಲಿಗಳು ಸಾಲಾಗಿ ಓಡಾಡತೊಡಗಿದವು. ಇಲಿಗಳಿರಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದರು. ದಿನವೂ ಕುಡಿಯುವವರು ಡಾಕ್ಟರನ್ನು ಕೇಳದೆ ಹೀಗೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಯಾರನ್ನು ಕೇಳುವುದೆಂದೇ ತಿಳಿಯದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ.

ಇನ್ನು ಮೀಟಿಂಗ್‌ಗಳ ಮಾತಿಗೆ ಬರುತ್ತೇನೆ. ಮೀಟಿಂಗ್‌ನಲ್ಲಿ ಕೂತಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಅದನ್ನು ನಂಬಿ ಎರಡು ವರ್ಷ ಕೆಟ್ಟೆ. ನಾನು ಅಳೆದದ್ದು ಮರಳಿ ಬರುವ ದಾರಿಯನ್ನು. ಯಾವ ಕಡೆಯಿಂದ ಬಂದರೂ ನನ್ನ ಮನೆಯ ಮೊದಲು ಮೂರು ವೈನ್ ಶಾಪ್ ಸಿಗುತ್ತವೆ. ಮನೆಗೆ ಬಂದೊಡನೆ, ನೂಲಿನ ಕಂಡಿಕೆಯ ಲೆಕ್ಕ ಬರೆಯುವ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಹಾಕುತ್ತಿದ್ದೆ: ಎಷ್ಟು ಅಂಗಡಿಗಳತ್ತ ಕತ್ತು ತಿರುಗಿತು? ಒಂದೊಂದು ಮೀಟಿಂಗ್‌ಗೆ ನಾಲ್ಕು ಸಲ ಹೋಗುವುದು, ಆಮೇಲೆ ಗೆರೆ ಎಣಿಸುವುದು.

ಇಂಗ್ಲಿಷ್ ಮೀಟಿಂಗ್ ಅಚ್ಚುಕಟ್ಟಾಗಿತ್ತು. ಸಿನಿಮಾ ನೋಡಿದಂತೆ ನೋಡಿ ಬಂದೆ. ಒಂಬತ್ತು ಗೆರೆ. ಮರಾಠಿಯಲ್ಲಿ ಸರಾಗವಾಗಿ ಮಾತಾಡಿದೆ, ಎಲ್ಲರೂ ತಲೆದೂಗಿದರು. ಆದರೆ ನೂಲಿನ ಸಾವಕಾರರ ಜೊತೆ ನಾನು ವ್ಯಾಪಾರ ಮಾಡುವ ಭಾಷೆ ಅದು. ಅಲ್ಲಿಯೂ ಸಾಲ ಮುಂದೂಡುವ ದನಿಯಲ್ಲೇ ಮಾತಾಡಿದ್ದೆ. ಹನ್ನೊಂದು ಗೆರೆ, ಒಂದು ದಿನ ಕಾಲೂ ನಿಂತಿತು. ಮನೆಯ ಹತ್ತಿರದ ಕನ್ನಡ ಮೀಟಿಂಗ್‌ನಲ್ಲಿ ನನಗೆ ಸಾಲ ಕೊಟ್ಟ ಇಬ್ಬರೇ ಕೂತಿದ್ದರು. ಒಳಗಿನ ಮಾತು ಒಳಗೇ ಉಳಿಯಬೇಕೆಂಬುದು ಎಲ್ಲರಿಗೂ ಗೊತ್ತು. ಸೋಮವಾರದ ಹೊತ್ತಿಗೆ ನಾನಾಡಿದ್ದು ನೂಲಿನ ಅಂಗಡಿ ತಲುಪಿತ್ತು.

ನಾಲ್ಕನೆಯದು ಊರಿನ ಆಚೆ ತುದಿಯಲ್ಲಿ. ಹೋಗಿ ಬರಲು ಆಟೊ, ಬಸ್ ಸೇರಿ ತೊಂಬತ್ತು ರೂಪಾಯಿ. ಕನ್ನಡವೇ, ಆದರೆ ಪರಿಚಯದ ಮುಖವಿಲ್ಲ. ಶನಿವಾರ ಸಂಜೆ ಏಳಕ್ಕೆ, ಅಂದರೆ ಬಟವಾಡೆ ಮುಗಿದು ಜೇಬು ಬಿಸಿಯಿರುವ ಹೊತ್ತಿಗೆ ಸರಿಯಾಗಿ. ಮೊದಲ ದಿನ ಬೇಗ ಹೋಗಿದ್ದೆ. ನಿವೃತ್ತ ಬಸ್ ಚಾಲಕರೊಬ್ಬರು ಮೋರಿಯ ಬಳಿ ಕುಕ್ಕರಗಾಲಲ್ಲಿ ಕೂತು ಚಹಾದ ಲೋಟಗಳನ್ನು ಬೂದಿ ಹಚ್ಚಿ ಉಜ್ಜುತ್ತಿದ್ದರು. ಇಪ್ಪತ್ತು ವರ್ಷದಿಂದ ಕುಡಿಯದ ಮನುಷ್ಯ, ಅಲ್ಲಿಗೆಲ್ಲ ಹಿರಿಯ. ಎಲ್ಲರಿಗಿಂತ ಹಳಬ ಲೋಟ ತೊಳೆಯುವ ಮೀಟಿಂಗ್ ಗಟ್ಟಿ. ಈ ಗುರುತು ಇದುವರೆಗೆ ಸುಳ್ಳಾಗಿಲ್ಲ. "ಬಾ ತಮ್ಮಾ, ಒರೆಸು" ಎಂದು ಪಂಚೆಯ ತುಂಡು ಕೊಟ್ಟರು. ಹೆಸರೂ ಕೇಳಲಿಲ್ಲ.

ಅಲ್ಲಿ ಬಾಯಿ ತೆರೆದಾಗ ಸುಳ್ಳು ಹೊರಡಲಿಲ್ಲ. ಅವ್ವನಿಗೆ ಸುಳ್ಳು ಹೇಳಿದ್ದೂ ಇದೇ ಕನ್ನಡದಲ್ಲಿ. ಹೇಳಲು ಹೋದರೆ ನನಗೇ ಕೇಳಿಸುತ್ತಿತ್ತು. ನಾಲ್ಕು ಶನಿವಾರಕ್ಕೆ ಎರಡೇ ಗೆರೆ. ಆ ಕಾಕಾ ಈಗ ನನ್ನ ಸ್ಪಾನ್ಸರ್, ಅಂದರೆ ಎ.ಎ.ಯಲ್ಲಿ ನನ್ನ ಕೈಹಿಡಿದು ನಡೆಸುವ ಹಳಬ. ಮೂರನೆಯ ಅಂಗಡಿಯ ಮುಂದೆ ಬಂದಾಗ ನಾನು ಏನು ಮಾಡುತ್ತೇನೆಂಬುದು ಅವರಿಗೆ ಮಾತ್ರ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಗಣೇಶ ಹಬ್ಬದ ಒಂದು ಶನಿವಾರ ನಾವಿಬ್ಬರೇ ಇದ್ದೆವು. ಇವತ್ತು ಬೇಡವೇ ಎಂದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಎ.ಎ. ಶುರುಮಾಡಿದ್ದು ಬಿಲ್ ಮತ್ತು ಡಾಕ್ಟರ್ ಬಾಬ್ ಇಬ್ಬರೇ ಅಲ್ಲವೇ ಎಂದು ಕಾಕಾ ಚಾಪೆ ಹಾಸಿಯೇ ಬಿಟ್ಟರು. ಡಬ್ಬಿಗೆ ಆ ದಿನ ಬಿದ್ದದ್ದು ಮೂವತ್ತು ರೂಪಾಯಿ. ಎ.ಎ.ಯಲ್ಲಿ ಹೊರಗಿನವರ ದೇಣಿಗೆ ಮುಟ್ಟುವಂತಿಲ್ಲವಲ್ಲ, ಚಹಾಪುಡಿ ನನ್ನ ಪಾಲಿಗೆ ಬಂತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮೊಬೈಲ್‌ನಲ್ಲಿ ಆನ್‌ಲೈನ್ ಮೀಟಿಂಗ್: ವಿಡಿಯೊ ಆರಿಸಿ, ಪಕ್ಕದಲ್ಲಿ ಕ್ವಾರ್ಟರ್ ಇಟ್ಟುಕೊಂಡೇ ಕೇಳಿದೆ. ಬೇರೆಯವರಿಗೆ ಒದಗಬಹುದು, ನನ್ನಂಥ ಕಳ್ಳನಿಗಲ್ಲ. ನಮ್ಮೂರಿನ ಹಾಲಿನ ಸಿಹಿ ಕುಂದಾ ಮಾತ್ರ ಕೆಲಸ ಮಾಡಿತು. ಸಂಜೆ ಆರೂವರೆಗೆ ಒಂದು ಉಂಡೆಯಷ್ಟು ಬಾಯಿಗೆ ಹಾಕಿಕೊಂಡರೆ ಮೊದಲ ಚಡಪಡಿಕೆ ಇಳಿಯುತ್ತಿತ್ತು. ನಾಲ್ಕು ಕಿಲೊ ತೂಕ ಏರಿತು, ಸಕ್ಕರೆಯನ್ನು ಒಮ್ಮೆ ಪರೀಕ್ಷೆ ಮಾಡಿಸಿದೆ, ಈಗ ಕುಂದಾ ವಾರಕ್ಕೆ ಎರಡೇ ಸಲ.

ಒಂದು ಮಗ್ಗವನ್ನು ಹಳೆಯದೇ ಆದರೂ ಮತ್ತೆ ಕೂಡಿಸಿದ್ದೇನೆ. ಕಳೆದ ತಿಂಗಳು ದಾರಿಯಲ್ಲಿ ನಾಲ್ಕನೆಯ ಅಂಗಡಿ ತೆರೆದಿದೆ, ದೀಪವೂ ಜೋರು. ನೋಟುಪುಸ್ತಕದಲ್ಲಿ ಇನ್ನೊಂದು ಸಾಲು ಎಳೆದಿದ್ದೇನೆ.