ಆಯಿಲ್‌ಗೆ ನೀರು ಎಲ್ಲಿಂದ ಬರುತ್ತಿದೆ ಅಂತ ಕೊನೆಗೂ ಹಿಡಿದೆ, ಅದೂ ಅರಿಶಿನದಿಂದ

ಮೂರು ಸಿಲಿಂಡರ್, ವೆಟ್ ಲೈನರ್ (ಪಿಸ್ಟನ್ ಓಡುವ ಕೊಳವೆಯ ಹೊರಮೈಗೆ ನೇರ ನೀರು ತಾಗುವ ಬಗೆ), ನನ್ನ ತಮ್ಮನಿಗಿಂತ ವಯಸ್ಸಾದ ಟ್ರ್ಯಾಕ್ಟರ್. ಮೇ ತಿಂಗಳು, ಆಲೂಗೆಡ್ಡೆಗೆ ಹೊಲ ಹದ ಮಾಡುವ ಹೊತ್ತಿಗೇ ಸರಿಯಾಗಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದರೆ ಹಾಲು ಜಾಸ್ತಿಯಾದ ಕಾಫಿ ಬಣ್ಣ. ಲೆವೆಲ್ ಬೇರೆ ಎರಡು ಬೆರಳು ಮೇಲೆ. ರೇಡಿಯೇಟರ್ ದಿನಾ ಒಂದು ಚೊಂಬು ನೀರು ಕುಡಿಯುತ್ತಿತ್ತು.

ಹಾಸನದ ಒಬ್ಬ ಮೇಸ್ತ್ರಿ ನೋಡುವ ಮೊದಲೇ "ಗೌಡ್ರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂದರು. ಅದು ಎಂಜಿನ್ ಹೆಡ್‌ಗೂ ಬ್ಲಾಕಿಗೂ ನಡುವೆ ಕೂರುವ ಸೀಲು. ಹೊಸದು ಹಾಕಿಸಿದೆ. ಹೆಡ್ ಫೇಸಿಂಗ್, ಕೂಲಿ, ಆಯಿಲ್ ಎಲ್ಲ ಸೇರಿ 7,000 ಹತ್ತಿರ. ಆರನೇ ದಿನ ಮತ್ತೆ ಕಾಫಿ. ನನ್ನ ತಪ್ಪೂ ಇದೆ. ರೇಡಿಯೇಟರ್‌ನಲ್ಲಿ ಒಂದು ಗುಳ್ಳೆ ಇಲ್ಲ, ಬಿಳಿ ಹೊಗೆ ಇಲ್ಲ, ಆಗಲೇ ಅನುಮಾನ ಬರಬೇಕಿತ್ತು. ಇನ್ನೊಬ್ಬರು ಬ್ಲಾಕೇ ಸೀಳಿದೆ, 65,000 ಇಟ್ಟುಕೊಳ್ಳಿ ಅಂದರು. ಸಕಲೇಶಪುರದ ಭಾವ ಬರೀ ತೇವ ಅಂದರು. ಅವರ ಕಡೆ ಆಯಿಲ್ ಹಾಕುವ ಮುಚ್ಚಳದಡಿ ಬಿಳಿ ನೊರೆ ಕೂರುವುದು ನಿಜ, ಆದರೆ ತೇವಕ್ಕೆ ಲೆವೆಲ್ ಏರುತ್ತದಾ?

ಹಳೆ ದೋಸೆ ಕಾವಲಿ ಕಾಯಿಸಿ ಎರಡು ಹನಿ ಆಯಿಲ್ ಬಿಟ್ಟೆ, ಸಾಸಿವೆ ಸಿಡಿದ ಹಾಗೆ ಚಟಪಟ ಅಂತು. ನೀರೇ. (ಕಾವಲಿಗೆ ಮನೆಯಲ್ಲಿ ಬೈಸಿಕೊಂಡದ್ದು ಬೇರೆ ಲೆಕ್ಕ.) ಆಮೇಲೆ ಹೊಸ ಆಯಿಲ್ ಹಾಕಿ, ರೇಡಿಯೇಟರ್ ತುಂಬಿಸಿ, ಸ್ಟಾರ್ಟೇ ಮಾಡದೆ ರಾತ್ರಿಯಿಡೀ ನಿಲ್ಲಿಸಿದೆ. ಬೆಳಿಗ್ಗೆ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ನಟ್ ಮೆಲ್ಲಗೆ ಸಡಿಲಿಸಿದರೆ ಮೊದಲು ಅರ್ಧ ಲೋಟ ನೀರು, ಆಮೇಲೆ ಆಯಿಲ್. ಓಡಿಸದೇ ಬಂದ ನೀರು! ಲೈನರ್ ಬುಡದಲ್ಲಿ ನೀರು ಸಂಪ್‌ಗೆ ಇಳಿಯದ ಹಾಗೆ ತಡೆಯುವ ರಬ್ಬರ್ ರಿಂಗ್ ಮೇಲೆ ನನ್ನ ಕಣ್ಣು ಬಿದ್ದದ್ದು ಆಗ.

ಸಂಪ್ ಇಳಿಸಿ, ರೇಡಿಯೇಟರ್ ಮುಚ್ಚಳಕ್ಕೆ ಬೈಕ್ ಟ್ಯೂಬಿನ ವಾಲ್ವ್ ಬೆಸೆದು ಕಾಲುಪಂಪಿನಲ್ಲಿ ಗಾಳಿ ಹೊಡೆದೆ. ಉತ್ಸಾಹ ಜಾಸ್ತಿಯಾಗಿ ಒತ್ತಡ 20 ಪಿಎಸ್‌ಐ ದಾಟಿಸಿದೆ, ರೇಡಿಯೇಟರ್ ಸೀಳಿತು. ಬೆಸುಗೆಗೆ 800. ಎಂಟು ಹತ್ತು ಪಿಎಸ್‌ಐ ಸಾಕು ಅಂತ ಆಗ ಗೊತ್ತಾಯಿತು. ನೀರು ತೊಟ್ಟಿಕ್ಕಿತು ಸರಿ, ಆದರೆ ಎಲ್ಲ ಕಡೆ ಆಯಿಲ್ ಮೆತ್ತಿದೆ, ಯಾವ ಲೈನರ್ ಅಂತ ಹೇಗೆ ಹೇಳುವುದು? ನೀರಿಗೆ ಕುಂಕುಮ ಕದಡಿ ನೋಡಿದೆ, ತುಕ್ಕಿನ ಬಣ್ಣದಲ್ಲಿ ಕರಗಿಹೋಯಿತು.

ಆರತಿ ತಟ್ಟೆಯ ಓಕುಳಿ ನೆನಪಾಯಿತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು ಅಲ್ವಾ, ಬಟ್ಟೆ ಸೋಡಾಕ್ಕೂ ಹಾಗೇ ಆಗುತ್ತದೆ. ರೇಡಿಯೇಟರ್ ನೀರಿಗೆ ಸೋಡಾ ಕರಗಿಸಿದೆ. ಲೈನರ್ ತುದಿಗಳನ್ನು ಪೆಟ್ರೋಲಿನಲ್ಲಿ ಒರೆಸಿ, ಒಣಗಿಸಿ, ಅರಿಶಿನ ಬಳಿದ ಹಳೆ ಪಂಚೆ ಪಟ್ಟಿಗಳನ್ನು ಹೊರಗೆ ಸುತ್ತಿದೆ. ಒಳಗೂ ಒಂದೊಂದು ಇಟ್ಟೆ. ಮೇಸ್ತ್ರಿ ನಕ್ಕರು, "ಆಯುಧಪೂಜೆ ಇನ್ನೂ ದೂರ ಇದೆ" ಅಂದರು. ಬೆಳಿಗ್ಗೆ ಎರಡನೇ ಲೈನರ್‌ನ ಹೊರಪಟ್ಟಿ ಮಾತ್ರ ಓಕುಳಿ ಕೆಂಪು. ಒಳಗಿನವೆಲ್ಲ ಹಳದಿಯೇ, ಅಂದರೆ ಲೈನರ್ ತೂತಾಗಿಲ್ಲ, ರಿಂಗೇ. ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ, ಮುಗಿದ ಕೂಡಲೇ ಮೂರು ನಾಲ್ಕು ಸಲ ತೊಳೆದುಬಿಡಿ. ಎಷ್ಟು ಹಾಕಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಲೈನರ್ ಎಳೆದರೆ ರಿಂಗ್ ಚಪ್ಪಟೆಯಾಗಿ ಕಲ್ಲಾಗಿತ್ತು, ಅದು ಕೂರುವ ಜಾಗದಲ್ಲಿ ಬ್ಲಾಕ್ ತುಕ್ಕು ತಿಂದು ಗುಳಿ ಬಿದ್ದಿತ್ತು. ಬರೀ ಹೊಸ ರಿಂಗ್ ಹಾಕಿದ್ದರೆ ತಿಂಗಳೂ ನಿಲ್ಲುತ್ತಿರಲಿಲ್ಲ. ಗುಳಿಗೆ ಏನು ತುಂಬಿದೆ ಅಂತ ಕೇಳಬೇಡಿ, ಅದೂ ಹೇಳಲ್ಲ. ಎರಡನೇ ಬಿಗ್ ಎಂಡ್ ಶೆಲ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಮಂಕಾಗಿತ್ತು, ಸೆಟ್ಟೇ ಬದಲಿಸಿದೆ, 1,800. ಗ್ಯಾಸ್ಕೆಟ್ ಮತ್ತೆ ದಂಡ. ಅಗ್ಗದ ಆಯಿಲ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ ಚೆಲ್ಲಿದೆ, ಎರಡು ಸಲ. ಈ ಸಲದ್ದು ಒಟ್ಟು 9,000 ಇರಬಹುದು.

ಆಲೂಗೆಡ್ಡೆ ಕಿತ್ತು ಮಾರಿದ್ದೂ ಆಯಿತು, ಡಿಪ್‌ಸ್ಟಿಕ್ ಕಪ್ಪಗೇ ಇದೆ. ಮೊನ್ನೆ ಅದೇ ಮೇಸ್ತ್ರಿ ಸೋಡಾ ಎಷ್ಟು ಅಂತ ಕೇಳಿಕೊಂಡು ಬಂದಿದ್ದರು, ಕಾಫಿ ಕುಡಿಸಿ ಕಳಿಸಿದೆ. ರೇಡಿಯೇಟರ್ ಬೆಸುಗೆ ಮಾತ್ರ ಮತ್ತೆ ಜಿನುಗುತ್ತಿದೆ, ಅದು ನಾನೇ ಒಡೆದದ್ದು.